ಹತ್ತು ಪೊಟ್ಟಣ ಉಪ್ಪು

ಮತ್ತೆ ಸ್ಲೇಟು ತಗೊಂಡ್ಯಾ? ಸರಿ, ಬರಿ. ಬಾಯಿ ಮಾತ್ರ ತೆಗೀಬೇಡ. ಗಂಟಲು ಕುಯ್ದು ಹೊಲಿದಿದ್ದಾರೆ, ಇನ್ನೂ ಎರಡು ವಾರ ಒಂದಕ್ಷರ ಆಡಕೂಡದು ಅಂತ ಡಾಕ್ಟರು ಹೇಳಿದ್ದು ನನ್ನ ಮುಖ ನೋಡಿ. ಕಾಯೋಳು ನಾನೇ ಅಲ್ವಾ... ಏನದು? "ಮೀನು ಯಾಕೆ ತೊಟ್ಟಿ ಮೂಲೇಲಿದೆ?" ನೋಡಪ್ಪ. ಹನ್ನೆರಡು ದಿನ ಆದ್ಮೇಲೆ ಮನೆಗೆ ಬಂದಿದ್ದಾನೆ, ಅಕ್ಕ ಊಟ ಮಾಡಿದ್ಯಾ ಅಂತ ಬರೀಲಿಲ್ಲ. ಮೀನಂತೆ.

ಅದಕ್ಕೂ ಹುಷಾರಿರಲಿಲ್ಲ ಕಣೋ, ಮರೆತ್ಯಾ? ಮೈ ತುಂಬ ಉಪ್ಪಿನ ಕಾಳು ಅಂಟಿದ ಹಾಗೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜಿ ಉಜ್ಜಿ ಸಾಕಾಗಿತ್ತು ಪಾಪ. ನೀನೇ ತಾನೇ ಅದನ್ನ ದೊಡ್ಡ ತೊಟ್ಟಿಯಿಂದ ತೆಗೆದು ಸಣ್ಣ ತೊಟ್ಟಿಗೆ ಹಾಕಿ ನೀರಿನ ಉಪ್ಪು ಇಳಿಸಿದ್ದು? ಉಪ್ಪು ಕಮ್ಮಿಯಾದ್ರೆ ಆ ಚುಕ್ಕೆ ಹುಳ ಸಾಯುತ್ತೆ, ಸಮುದ್ರದ ಮೀನಾದ್ರೂ ಇದು ತಡ್ಕೊಳ್ಳುತ್ತೆ ಅಂತ. ಐದು ವಾರ ಹಗಲೂ ರಾತ್ರಿ ಉಪ್ಪು ಅಳೆಯೋ ಆ ಮೀಟರ್ ಹಿಡ್ಕೊಂಡು ಕೂತಿದ್ದೆ. ಚುಕ್ಕೆ ಹೋಯ್ತು. ಸರಿ.

ಅದಾದ್ಮೇಲೆ ನೀನು ಆಸ್ಪತ್ರೆಗೆ ಹೊರಟೆ, ನನಗೆ ಹತ್ತು ಪೊಟ್ಟಣ ಉಪ್ಪು ಕಟ್ಟಿಟ್ಟೆ. ಒಂದರಿಂದ ಹತ್ತರವರೆಗೆ ನಂಬರು. ದಿನಕ್ಕೊಂದೇ, ಕರಗಿಸಿ ಹಾಕು, ಉಪ್ಪು ಮತ್ತೆ ಮೊದಲಿನಷ್ಟಕ್ಕೆ ನಿಧಾನಕ್ಕೆ ಏರಬೇಕು ಅಂತ ಚೀಟಿ, ಅದರ ಕೆಳಗೆ ಎರಡು ಗೆರೆ ಬೇರೆ. ಮುನ್ನೂರು ಜನರ ಕ್ಯಾಂಟೀನಿಗೆ ಇಪ್ಪತ್ತೆರಡು ವರ್ಷದಿಂದ ಕೈಯಳತೇಲೇ ಉಪ್ಪು ಹಾಕೋಳು ನಾನು. ಒಬ್ಬರೂ ಸಪ್ಪೆ ಅಂದಿಲ್ಲ. ನನಗೆ ಪೊಟ್ಟಣ.

ಹಾಕಿದೆ ಅಂದ್ನಲ್ಲ. ಹತ್ತೂ ಹಾಕಿದೆ. ಖಾಲಿ ಪೊಟ್ಟಣ ಅಲ್ಲೇ ಬುಟ್ಟೀಲಿದೆ, ಬೇಕಾದ್ರೆ ಎಣಿಸ್ಕೋ.

ಗಾಜಿಗೆ ಯಾಕೆ ಬೆರಳಿಟ್ಟೆ? ಬರಲ್ಲ ಅದು. ಈಗಿನ್ನೂ ಚೇತರಿಸ್ಕೊಳ್ತಿದೆ. ನಿನ್ನನ್ನ ಮರೆತಿರುತ್ತೆ. ತಲೆ ಅಲ್ಲಾಡಿಸಬೇಡ, ಏಳು ವರ್ಷ ಬೆರಳ ಹಿಂದೆ ಓಡಾಡಿದ್ದು ಹನ್ನೆರಡು ದಿನಕ್ಕೆ ಮರೆಯುತ್ತಾ ಅಂತ ನನ್ನನ್ನೇನು ಕೇಳ್ತೀಯ, ನಾನೇನು ಮೀನಾ? ಬಾಲಾನ ಅಷ್ಟೊಂದು ಬಗ್ಗಿ ನೋಡಬೇಡ, ಹೊಲಿಗೆ ಎಳೆಯುತ್ತೆ. ಹೌದು, ಹರಿದಿತ್ತು. ಕೂಡ್ಕೊಂಡಿದೆ. ಗಾಯ ಮಾಯಲ್ವಾ?

ಸ್ಲೇಟು ಯಾಕೆ ಕೆಳಗಿಟ್ಟೆ?

ಬರಿಯೋ, ಏನಾದ್ರೂ. ಹಾಗೆ ನೋಡಬೇಡ...

ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು. ನಾಳಿದ್ದು ಅಂದಿದ್ದೋರು ಇವತ್ತೇ ಆಪರೇಷನ್, ಬೇಗ ಬಂದು ಸಹಿ ಹಾಕಿ ಅಂದ್ರು. ಎಷ್ಟು ದಿನ ಅಲ್ಲಿ ಕೂರಬೇಕೋ, ಇಲ್ಲಿ ಇದರ ಪೊಟ್ಟಣ ಯಾರು ಹಾಕ್ತಾರೆ? ಉಳಿದಿದ್ದ ಎಂಟನ್ನೂ ಒಂದೇ ಸಲ ಸುರಿದೆ. ಕೈ ಹಾಕಿ ಕಲಕಿದೆ. ನಾಲಿಗೆಗೆ ಒಂದು ಹನಿ ಇಟ್ಕೊಂಡು ನೋಡಿದೆ, ದೊಡ್ಡ ತೊಟ್ಟಿ ನೀರಿನಷ್ಟೇ ಇತ್ತು, ಹದವಾಗಿ. ಹೆಚ್ಚಾಗಿರಲಿಲ್ಲ ಕಣೋ, ನಾನು ಯಾವತ್ತೂ ಹೆಚ್ಚು ಹಾಕಿದೋಳಲ್ಲ. ಚಿಲ್ಕ ಹಾಕ್ಕೊಂಡು ಓಡಿದೆ.

ಸಂಜೆ ನಿನ್ನ ಬಟ್ಟೆ ತಗೊಳ್ಳೋಕೆ ಬಂದೆ. ಮೇಲೆ ತೇಲ್ತಾ ಇತ್ತು.

ನಿನಗಿನ್ನೂ ಎಚ್ಚರ ಆಗಿರಲಿಲ್ಲ. ಎಚ್ಚರ ಆದ್ಮೇಲೆ ಹೇಳೋಣ ಅಂದ್ರೆ, ಕೂಗಿಬಿಡ್ತೀಯೇನೋ, ಹೊಲಿಗೆ ಬಿಟ್ಕೊಳ್ಳುತ್ತೇನೋ ಅಂತ ಹೆದರಿಕೆ. ಅದೇ ಹಳದಿ, ಅದೇ ಅಳತೆ ಬೇಕು ಅಂತ ಐದು ಅಂಗಡಿ ತಿರುಗಿದೆ. ಬಾಲ ಹರಿದಿದ್ದು ಎಲ್ಲೂ ಸಿಗಲಿಲ್ಲ.

ಬೈಯೋ. ಹಿಡಿ, ಬಳಪ ತಗೋ, ಬಾಯಿಗೆ ಬಂದಿದ್ದೆಲ್ಲ ಬರೆದು ಬೈ, ಇಲ್ಲೇ ನಿಂತ್ಕೊಂಡು ಓದ್ತೀನಿ... ಹಿಡಿಯೋ. ಡಾಕ್ಟರು ಬೇಡ ಅಂದಿದ್ದು ಮಾತಾಡೋದು ಮಾತ್ರ, ಬರೆಯೋದು ಬೇಡ ಅಂದಿಲ್ಲ.