ಅಮಾವಾಸ್ಯೆಯ ಉಬ್ಬರ, ನೆಟ್ಟ ಕೋಲು

“ಹಲೋ... ಹಲೋ, ಯಾರು ಮಾತಾಡಾದು? ನಾನು ಅಪ್ಪಂಗೆ ಮಾಡಿದ್ದು... ಓ, ಕಾಟಯ್ಯ ಮಾವನಾ? ಹಾಂ ಮಾವ, ನಾನು ನಾಗಶ್ರೀ. ರಾಮಗಿರಿ ಸ್ಟೇಷನ್ನಾಗಿದೀನಿ, ಊರಿಗೆ ಹೊಂಟಿದೀನಿ. ಲಾರಿ ಮುಟ್ತಾ? ಕುರಿ ಎಲ್ಲಾ ಸರಿಯಾಗಿ ಇಳಿದ್ವಾ?...”

ಲಾರಿ ಮುಟ್ಟಿತ್ತು, ಕುರಿ ಇಳಿದಿದ್ದವು. ನಾಗಶ್ರೀ ನಿರಾಳವಾಗಿ ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕುಳಿತಳು. ಅವಳಪ್ಪ ತಿಮ್ಮರಾಯಪ್ಪ ಹುಟ್ಟಾ ಕುರಿಗಾಹಿ. ಸುಗ್ಗಿ ಮುಗಿದ ಮೇಲೆ ದಾವಣಗೆರೆ, ಭದ್ರಾವತಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿಹೊತ್ತು ಕುರಿಗಳನ್ನು ಒಂದೆಡೆ ಕೂಡಿ ತರುಬುವುದು ಅವನ ಕಸುಬು. ಈ ಸಲ ಹಿರಿಯೂರಿನ ಕಾಯಿ ವ್ಯಾಪಾರಿ ಹಜರತ್ ಅಲಿ ಹೊಸ ಗಿರಾಕಿ ಗೊತ್ತು ಮಾಡಿಕೊಟ್ಟಿದ್ದ. ಕುಮಟಾ ಕಡೆಯ ತೆಂಗಿನ ತೋಟದವರು. ಅವರೇ ಲಾರಿ ಕಳಿಸಿದ್ದರು. ನೂರ ನಲವತ್ತು ಕುರಿ, ಅಪ್ಪ, ಅವ್ವ ಬೊಮ್ಮಕ್ಕ, ಸೋದರಮಾವ ಕಾಟಯ್ಯ, ಇಷ್ಟೂ ಜೀವ ಮೊದಲ ಸಲ ಘಟ್ಟ ಇಳಿದಿತ್ತು. ಈ ಮನೆಯಲ್ಲಿ ಅಲ್ಲಿಯವರೆಗೆ ಸಮುದ್ರ ಕಂಡವರು ಯಾರೂ ಇರಲಿಲ್ಲ. ಹೊಳಲ್ಕೆರೆಯ ಕಾಲೇಜಿನಲ್ಲಿ ಎರಡು ವರ್ಷದಿಂದ ಮಕ್ಕಳಿಗೆ ಸಮುದ್ರದ ಪಾಠ ಹೇಳುತ್ತಿದ್ದ ಭೂಗೋಳದ ಅತಿಥಿ ಉಪನ್ಯಾಸಕಿ ನಾಗಶ್ರೀಯೂ ಕಂಡಿರಲಿಲ್ಲ.

“...ಇವತ್ತು ಎಲ್ಲಿ ತರುಬಿದೀರಿ? ತೋಟದಾಗಾ?... ಬೇಲಿ ಆಗಿಲ್ವಾ? ಯಜಮಾನ್ರು ನಾಳೆ ಬರ್ತಾರಂತಾ? ಹಂಗಾರೆ ರಾತ್ರಿಗೆಲ್ಲಿ?... ಕೆರೆಯಂಗಳ? ಸಮುದ್ರದ ಮಗ್ಗುಲಿಗೆ ಕೆರೆ ಎಲ್ಲಿಂದ ಬಂತು ಮಾವ?”

“...ಹಾಂ, ದೊಡ್ಡದು. ನಮ್ಮೂರ ಕೆರೆಯಂಗೇ ಬತ್ತಿ ಬಯಲಾಗೈತೆ. ಸರಿ. ನೀರೆಲ್ಲಿ ಐತೆ?... ದೂರದಾಗೆ, ಒಂದು ಕಾಲುವೆಯಷ್ಟು. ನೆಲ ಹೆಂಗೈತೆ, ಒಣಗೈತಾ?... ತಂಪು? ತಂಪಂದ್ರೆ ಒದ್ದೆನಾ? ಸರಿಯಾಗಿ ಹೇಳ್ರಿ ಮಾವ, ಒದ್ದೆನಾ?”

“...ದೋಣಿ ಏನಾರ ಅವೆಯಾ ಅಲ್ಲಿ?... ಎರಡು. ನೀರಾಗಾ, ನೆಲದ ಮ್ಯಾಲಾ?... ನೆಲದ ಮ್ಯಾಲೆ ವಾಲ್ಕಂಡು ಕುಂತಾವೆ! ಮಾವ, ದೋಣಿ ಯಾಕೆ ನೆಲದ ಮ್ಯಾಲೆ ಕುಂತೈತೆ ಅಂತ ನಿಮ್ಮಾಗೆ ಒಬ್ರಿಗಾದ್ರೂ ಅನುಮಾನ ಬರ್ಲಿಲ್ವಾ?”

ಅವಳು ಬೆಂಚಿನಿಂದ ಎದ್ದು ನಿಂತಿದ್ದಳು. ಬಯಲುಸೀಮೆಯ ಕುರಿಗಾಹಿಗೆ ಬತ್ತಿದ ಕೆರೆಯಂಗಳದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮಟ್ಟಸ ನೆಲ, ಅಂಚಿನಲ್ಲಿ ಹಸಿರು, ಮುಳ್ಳಿಲ್ಲ, ಕೇಳುವವರಿಲ್ಲ. ಕೆರೆ ಒಮ್ಮೆ ಬತ್ತಿತೆಂದರೆ ಮುಂದಿನ ಮಳೆಗಾಲದವರೆಗೆ ಬತ್ತಿದ್ದೇ. ಅದು ರಾತ್ರಿ ಬೆಳಗಾಗುವುದರೊಳಗೆ ತುಂಬೀತು ಎಂದು ಅವರಿಗೆ ಹೇಳಿಕೊಟ್ಟವರು ಯಾರು?

“...ಕೇಳ್ರಿ, ಅದು ಕೆರೆಯಲ್ಲ. ಹೊಳೆ ಹೋಗಿ ಸಮುದ್ರ ಸೇರೋ ಜಾಗ ಅದು. ಈಗ ಇಳಿತ, ನೀರು ಹಿಂದಕ್ಕೆ ಹೋಗೈತೆ. ತಿರುಗಿ ಬರ್ತೈತೆ, ಇವತ್ತೇ ಬರ್ತೈತೆ. ಅಪ್ಪಂಗೆ ಕೊಡ್ರಿ ಫೋನು... ಮಂದೆ ಸುತ್ತ ಬಲೆ ಕಟ್ತಾ ಇದ್ರೆ ಬಿಟ್ಟು ಬರಾಕೇಳ್ರಿ.”

“...ಅಪ್ಪ, ಬಲೆ ಬಿಚ್ಚು... ಹೂಂ, ಬಿಚ್ಚು ಅಂದೆ. ಮಂದೆ ಎಬ್ಸಿ ದಂಡೆ ಹತ್ತಿಸ್ರಿ... ನನ್ನ ತಲೆ ನೆಟ್ಟಗೇ ಐತೆ ಕಣಪ್ಪ.”

“...ಯಾರು? ಚಿಪ್ಪು ಆಯೋ ಹೆಂಗಸಾ? ಏನಂದ್ಲು?... ಮಾತು ತಿಳೀಲಿಲ್ಲ, ಹೋಗ್ರಿ ಹೋಗ್ರಿ ಅಂತ ಕೈ ಮಾಡಿದ್ಲು. ಅದಕ್ಕೆ ನೀನು?... ಯಾರಪ್ಪನ ಜಾಗ ಇದು ಅಂದ್ಯಾ! ಅಪ್ಪೋ, ಕೈ ಮಾಡ್ದೋರೆಲ್ಲಾ ನಮ್ಮನ್ನ ಓಡ್ಸಾಕೇ ಮಾಡಲ್ಲ. ಆಯಮ್ಮ ನಿಮ್ಮನ್ನ ಬದುಕ್ಸಾಕೆ ಮಾಡೌಳೆ.”

ಊರೂರಲ್ಲಿ ಓಡಿಸಿಕೊಂಡೇ ತಿಮ್ಮರಾಯಪ್ಪನ ತಲೆ ಹಣ್ಣಾಗಿತ್ತು. ಹಾಗಾಗಿ ಯಾರಾದರೂ ಏಳು ಎಂದರೆ ಅಲ್ಲೇ ಚಕ್ಕಂಬಕ್ಕಳ ಹಾಕುವ ಜಾಯಮಾನ ಅವನದು. ಮಗಳಿಗೂ ಅದೇ ಬಂದಿತ್ತು. ಅದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

“...ನಾನು ಸಮುದ್ರ ನೋಡಿಲ್ಲ, ನಿಜ. ನೀನು ನೋಡಿದೀಯ, ಮಧ್ಯಾಹ್ನದಿಂದ. ಆವಾಗಿಂದ ನೀರು ಹಿಂದಕ್ಕೆ ಹೋಗ್ತಾನೇ ಇತ್ತು, ಅಲ್ವಾ? ಎಲ್ಲಿಗೆ ಹೋಗ್ತೈತೆ ಅಂತ ಕೇಳಿದ್ಯಾ?... ಈಗ ಅರ್ಧ ತಾಸಿಂದ ನಿಂತೈತಾ?... ನಿಂತೈತೆ. ಮುಗೀತು. ಇನ್ನು ತಿರುಗ್ತೈತೆ.”

“...ಗಾಳಿಗಲ್ಲ. ಚಂದ್ರ ಎಳೀತಾನೆ... ನಗು, ಪರವಾಗಿಲ್ಲ. ನಕ್ಕಂತಾನೇ ಬಲೆ ಬಿಚ್ಚು.”

“...ಹಾಂ, ಇವತ್ತು ಅಮಾಸೆ, ಗೊತ್ತು... ಅಮಾಸೆ ದಿನ ಚಂದ್ರನೇ ಇಲ್ಲ, ಎಳೆಯೋನ್ಯಾರು ಅಂತೀಯ? ಅವನು ಎಲ್ಲಿಗೂ ಹೋಗಿಲ್ಲಪ್ಪ. ಸೂರ್ಯನ ಕಡೆಗೇ ಅವನೆ, ಬೆಳಕು ಬಿದ್ದ ಮಗ್ಗುಲು ನಮಗೆ ಕಾಣಲ್ಲ ಅಷ್ಟೆ. ಕರೆಂಟು ಹೋದ್ರೆ ಮನೇಲಿ ಅವ್ವನೇ ಇಲ್ಲ ಅಂತೀಯಾ? ಕತ್ತಲಾಗೂ ಬೈತಾ ಇರ್ತಾಳಲ್ಲ! ಇವತ್ತು ಸೂರ್ಯ ಚಂದ್ರ ಇಬ್ರೂ ಒಂದೇ ಸಾಲಿಗೆ ನಿಂತು ಎಳೀತಾರೆ, ಜೋಡೆತ್ತು. ಅದಕ್ಕೇ ಅಮಾಸೆಗೂ ಹುಣ್ಣಿಮೆಗೂ ನೀರು ಜಾಸ್ತಿ ಇಳೀತೈತೆ, ಜಾಸ್ತಿ ಏರ್ತೈತೆ. ಅಷ್ಟು ದೂರ ಹೋಗೈತೆ ಅಂದ್ರೆ ಅಷ್ಟೇ ಜೋರಾಗಿ ಬರ್ತೈತೆ ಅಂತಲ್ವಾ?”

ಚಿಕ್ಕಜಾಜೂರು ಕಡೆಯಿಂದ ರೈಲು ಕೂಗಿತು. ಜನ ಚೀಲ ಎತ್ತಿಕೊಂಡರು. ನಾಗಶ್ರೀ ಒಂದು ಕಿವಿಗೆ ಬೆರಳಿಟ್ಟುಕೊಂಡು ಪ್ಲಾಟ್‌ಫಾರಂನ ಕೊನೆಯ ಬೇವಿನಮರದ ಕೆಳಕ್ಕೆ ಓಡಿದಳು. ರೈಲು ಬಂತು, ಒಂದು ನಿಮಿಷ ನಿಂತಿತು, ಅವಳನ್ನು ಬಿಟ್ಟು ಹೋಯಿತು. ಅವಳು ತಿರುಗಿ ಕೂಡ ನೋಡಲಿಲ್ಲ.

“...ಮಾರಿಕಣಿವೆ ಡ್ಯಾಮ್ ಯಾಕೆ ಏರಲ್ಲ ಅಂತೀಯ? ಸರಿಯಾಗಿ ಕೇಳ್ದೆ. ಅದು ಎಷ್ಟೇ ದೊಡ್ಡದಿರ್ಲಿ, ಸಮುದ್ರದ ಮುಂದೆ ಬೊಗಸೆ ನೀರು. ಈ ದಡ, ಆ ದಡ ಎರಡನ್ನೂ ಚಂದ್ರ ಒಂದೇ ಸಮ ಎಳೀತಾನೆ. ಸಮುದ್ರ ಭೂಮಿ ಸುತ್ತಾ ಹಬ್ಬೈತೆ. ಹತ್ರ ಇರೋ ಕಡೆ ಎಳೆತ ಜಾಸ್ತಿ, ದೂರದ ಕಡೆ ಕಮ್ಮಿ. ಹತ್ರದ ನೀರು ಉಬ್ತೈತೆ.”

“...ಏನು? ಚಂದ್ರ ಸೂರ್ಯನ ಜತೆಗೇ ಇದ್ರೆ ಇಬ್ರೂ ಈಗ ಮುಳುಗ್ತಾರೆ... ಮುಳುಗಿದ್ಮೇಲೆ ರಾತ್ರಿ ಎಳೆಯೋನು ಯಾರು?... ಅಪ್ಪ...”

ಅವಳು ಬೋರ್ಡಿನ ಮೇಲೆ ಭೂಮಿಗೆ ಎರಡು ಉಬ್ಬು ಬರೆದು, ಒಂದು ಚಂದ್ರನ ಕಡೆಗೆ, ಇನ್ನೊಂದು ಅದರ ಎದುರು ದಿಕ್ಕಿಗೆ ಎಂದು ಹೇಳಿದಾಗ ತರಗತಿಯಲ್ಲಿ ಯಾರೂ ಯಾಕೆ ಎಂದು ಕೇಳಿರಲಿಲ್ಲ. ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ ಎಂದು ಅವಳೂ ಮುಗಿಸಿಬಿಡುತ್ತಿದ್ದಳು. ಎರಡನೇ ಉಬ್ಬನ್ನು ಕೇಳಿದವನು ಇವನೊಬ್ಬನೇ. ಇವನಿಗೆ ಪರೀಕ್ಷೆ ಇರಲಿಲ್ಲ, ಕುರಿ ಇದ್ದವು.

“...ಅಪ್ಪ, ಹಿರಿಯೂರ ಹೈವೇ ದಾಟಿಸೋವಾಗ ನೀನು ಮುಂದೆ ಸೊಪ್ಪಿನ ಕೊಂಬೆ ಹಿಡ್ಕಂಡು ಓಡ್ತೀಯಲ್ವಾ? ಆವಾಗ ಮಂದೆ ಏನಾಗ್ತೈತೆ?... ಹೇಳು, ಏನಾಗ್ತೈತೆ?... ಹಾಂ! ಉದ್ದ ಆಗ್ತೈತೆ. ಮುಂದಿನವು ಸೊಪ್ಪಿಗೆ ಹತ್ರ, ನುಗ್ತಾವೆ. ನಡುವಿನವು ಸ್ವಲ್ಪ ನಿಧಾನ. ಹಿಂದಿನವಕ್ಕೆ ಸೊಪ್ಪಿನ ಆಸೆ ಅಷ್ಟು ಮುಟ್ಟಲ್ಲ, ಹಿಂದೇನೇ ಉಳೀತಾವೆ. ನಡುವೆ ನಡೆಯೋ ಅವ್ವಂಗೆ ಏನು ಕಾಣ್ತೈತೆ? ಮಂದೆ ಮುಂದಕ್ಕೂ ಚಾಚೈತೆ, ಹಿಂದಕ್ಕೂ ಚಾಚೈತೆ. ಅಷ್ಟೇ ಕಣಪ್ಪ! ಸೊಪ್ಪು ಹಿಡಿದೋನು ಚಂದ್ರ, ನಡುವೆ ಇರೋಳು ಭೂಮಿ. ಅವನ ಕಡೆ ನೀರು ಮುಂದೆ ನುಗ್ಗಿ ಉಬ್ತೈತೆ, ಆಚೆ ಕಡೆ ನೀರು ಹಿಂದೆ ಉಳಿದು ಉಬ್ತೈತೆ. ಭೂಮಿ ತಿರುಗ್ತಾ ತಿರುಗ್ತಾ ನಮ್ಮನ್ನ ದಿನಕ್ಕೆ ಎರಡು ಸಲ ಆ ಉಬ್ಬಿನಾಗೆ ಹಾಯಿಸ್ತೈತೆ. ಮಧ್ಯಾಹ್ನ ಒಂದು ಆತು. ಹನ್ನೊಂದೂವರೆ ಹನ್ನೆರಡಕ್ಕೆ ಇನ್ನೊಂದು. ಆವಾಗ ನೀವು ಮಲಗಿರೋ ಜಾಗ ಹೊಳೆ.”

“...ಹಲೋ? ಅಪ್ಪ?... ನಗು ನಿಂತೈತೆ, ಹಂಗಾರೆ ಕೇಳ್ತಾ ಇದೀಯ.”

“...ಏನು, ಕೋಲಾ? ಆಗ್ಲೇ ನೆಟ್‌ಬಿಟ್ಯಾ?”

ಅವರ ಮನೆತನದ ಕಟ್ಟಳೆ ಅದು. ಮಂದೆಯ ಯಜಮಾನ ಕೋಲಿಗೆ ಭಂಡಾರ ಹಚ್ಚಿ, ದೇವರ ಹೆಸರು ಹೇಳಿ ನೆಟ್ಟನೆಂದರೆ ಆ ರಾತ್ರಿ ಮಂದೆ ಅಲ್ಲೇ. ಮಳೆ ಬಂದರೂ ಕೀಳುವುದಿಲ್ಲ, ತೋಳ ಬಂದರೂ ಕೀಳುವುದಿಲ್ಲ. ಹೊತ್ತು ಹುಟ್ಟುವ ಮುಂಚೆ ಕಿತ್ತರೆ ಮಂದೆಗೆ ಕೇಡು. ಹೆಂಗಸರಂತೂ ಅದನ್ನು ಮುಟ್ಟುವುದೇ ಇಲ್ಲ. ತಿಮ್ಮರಾಯಪ್ಪ ಚಂದ್ರನ ಮಾತನ್ನು ಬೇಕಾದರೆ ಒಪ್ಪಿಯಾನು, ಕೋಲಿನ ಮಾತು ಮುರಿಯುವವನಲ್ಲ.

“...ಕೀಳಲ್ಲ ಅಂದ್ರೆ? ನೀರು ಬಂದ್ಮೇಲೆ ನೀರೇ ಕೀಳ್ತೈತೆ, ಆವಾಗೇನು ಮಾಡ್ತೀಯ?... ಹೆಣ್ಣುಮಕ್ಕಳು ಕೋಲಿನ ಮಾತು ಆಡಬಾರ್ದಾ? ಆಡ್ತೀನಿ. ಇನ್ನೂ ಜೋರಾಗಿ ಆಡ್ತೀನಿ, ಈ ಸ್ಟೇಷನ್ನೆಲ್ಲಾ ಕೇಳ್ಲಿ! ಓದು ಅಂತ ಕಳಿಸ್ದೋನು ನೀನೇ ಅಲ್ವಾ? ಟಗರು ಮಾರಿ ಓದ್ಸಿದೋನು ನೀನೇ ಅಲ್ವಾ? ಓದಿದ್ದು ಉಪಯೋಗಕ್ಕೆ ಬಂದ ದಿನ ಬಾಯ್ಮುಚ್ಚು ಅಂದ್ರೆ ನಾನು ಮುಚ್ಚಲ್ಲ. ಅವ್ವಂಗೆ ಕೊಡು ಫೋನು... ಕೊಡು ಅಂದೆ!”

“...ಅವ್ವ, ಅಳಬ್ಯಾಡ, ಈಗ ಹೊತ್ತಿಲ್ಲ. ಮರಿ ಎಲ್ಲಿ ಅವೆ?... ಬುಟ್ಟಿ ಕೆಳಗೆ. ಎಷ್ಟು?... ಹನ್ನೊಂದು. ಮೊದಲು ಹೋಗಾವು ಅವೇ. ನೋಡು, ನೀನು ನನ್ನೂ ನಂಬಬ್ಯಾಡ, ಪುಸ್ತಕಾನೂ ನಂಬಬ್ಯಾಡ. ಕಣ್ಣಾರೆ ನೋಡು. ಅಲ್ಲಿ ಸೇತುವೆ ಏನಾರ ಐತಾ?... ಐತೆ. ಅದರ ಕಂಬದ ಹತ್ರ ಹೋಗು. ಫೋನ್ ಇಡಬ್ಯಾಡ.”

“...ಬಂದ್ಯಾ? ಕಂಬ ಸವರು. ಒರಟಾಗಿ, ಸಣ್ಣ ಸಣ್ಣ ಚಿಪ್ಪು ಅಂಟ್ಕಂಡವೆಯಾ?... ಅಲ್ವಾ! ಅವು ನೀರಿನ ಜೀವ ಕಣವ್ವ. ನೀರು ಮುಟ್ಟದ ಜಾಗಕ್ಕೆ ಅವು ಅಂಟಲ್ಲ. ಎಲ್ಲೀವರೆಗೆ ಅವೆ, ಕೈ ಏರಿಸ್ತಾ ಹೋಗು...”

“...ನಿನ್ನ ಎದೆಮಟ.”

ಈಗ ನಾಗಶ್ರೀಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ಹೊತ್ತು ವಾದ ಗೆಲ್ಲುವ ಬಿಸಿಯಲ್ಲಿದ್ದಳು. ಎದೆಮಟ ಎಂದ ಅವ್ವನ ದನಿ ಕೇಳಿದ ಮೇಲೆ, ಬೋರ್ಡಿನ ಮೇಲೆ ತಾನು ಬರೆಯುತ್ತಿದ್ದ ಗೆರೆ ಅವ್ವನ ಮೈಮೇಲೆ ಎಳೆದಂತಾಯಿತು.

“...ಅವ್ವ, ಕುರಿ ಬೆನ್ನು ನಿಂಗೆ ಎಲ್ಲಿಗೆ ಬರ್ತೈತೆ?... ಸೊಂಟಕ್ಕೂ ಬರಲ್ಲ. ಹೂಂ. ನಾನಿನ್ನೇನು ಹೇಳ್ಲಿ?”

“...ಅಪ್ಪ ನೋಡಿದ್ನಾ?... ಬಂದು ನೋಡ್ದ. ಈಗೇನು ಮಾಡ್ತವ್ನೆ?... ಕಂಬ ಹಿಡ್ಕಂಡು ನಿಂತವ್ನೆ. ಅವ್ವ, ಕೇಳು. ಅವನು ಕೀಳಲ್ಲ. ನೆಟ್ಟ ಕೈಗೆ ಕೀಳಾಕೆ ಬರಲ್ಲ. ನೀನು ಕೀಳು.”

“...ಮುಟ್ಟಬಾರ್ದು, ಗೊತ್ತು. ಮುಟ್ಟು... ಕೇಡು ಅಂತ ಯಾರಂದ್ರು? ಮುತ್ತಜ್ಜನಾ? ಮುತ್ತಜ್ಜ ಸಮುದ್ರ ನೋಡಿದ್ನಾ? ಅವನು ನೋಡಿದ್ದು ಕೆರೆ. ಇದನ್ನ ನೋಡಿದ್ರೆ ಅವನೇ ಕಿತ್ಕಂಡು ಓಡ್ತಿದ್ದ... ಪಾಪ? ಪಾಪ ನನ್ನ ತಲೆ ಮ್ಯಾಲಿರ್ಲಿ, ಮಂದೆ ದಂಡೆ ಮ್ಯಾಲಿರ್ಲಿ. ಕೀಳವ್ವ!”

“...ಅವ್ವ?... ನಾಯಿ ಯಾಕೆ ಬೊಗಳ್ತೈತೆ?... ಕಾಲುವೆ ದಪ್ಪ ಆಗೈತಾ? ಆಗ್ಲೇನಾ?... ಅವ್ವ, ಕಿತ್ಯಾ?”

ಆ ಕಡೆಯಿಂದ ಕೆಸರಲ್ಲಿ ಕಾಲು ಕೀಳುವ ಸದ್ದು, ದೂರದಲ್ಲಿ ಕಾಟಯ್ಯ ಮಾವನ ಕೂಗು. ಆಮೇಲೆ ಗಂಟೆ. ಮುಂದಾಳು ಟಗರಿನ ಕೊರಳಗಂಟೆ ಅದು. ಮಂದೆ ಮಲಗಿದ್ದಾಗ ಸುಮ್ಮನಿರುತ್ತದೆ, ನಡೆಯುವಾಗ ಮಾತ್ರ ಹೀಗೆ ಒಂದೇ ಸಮನೆ ಬಡಿದುಕೊಳ್ಳುತ್ತದೆ. ನಾಗಶ್ರೀ ಫೋನನ್ನು ಕಿವಿಗೆ ಒತ್ತಿ ಹಿಡಿದು, ಬೇವಿನ ಬೊಡ್ಡೆಗೆ ಒರಗಿ, ಆ ಸದ್ದನ್ನು ಕೇಳುತ್ತ ಅತ್ತಳು. ಬಹಳ ಹೊತ್ತಿನ ಮೇಲೆ ಆ ಕಡೆ ಯಾರೋ ಏದುಸಿರು ಬಿಟ್ಟರು.

“...ಅಪ್ಪ?... ಹೂಂ, ನಾನೇ... ಅಳ್ತಿಲ್ಲ. ಹತ್ತಿದ್ವಾ? ಎಲ್ಲವೂ? ಮರಿ?... ಅವ್ವ ಎಲ್ಲಿ?... ಕೋಲು ಹಿಡ್ಕಂಡು ಮುಂದೆ ಹೊಂಟೌಳಾ!”

“...ಏನು? ಜೋರಾಗಿ ಹೇಳು... ತಿರುಗಿ ಯಾವಾಗ ಇಳೀತೈತೆ ಅಂತ ನನ್ನ ಕೇಳ್ತಾ ಇದೀಯಾ?”

ತಿಮ್ಮರಾಯಪ್ಪ ಮಗಳಿಗೆ ಹೇಳಿದವನೇ ಹೊರತು ಈವರೆಗೆ ಅವಳನ್ನು ಏನನ್ನೂ ಕೇಳಿದವನಲ್ಲ. ನಾಗಶ್ರೀ ಮುಂಗೈಯಿಂದ ಕಣ್ಣೊರೆಸಿಕೊಂಡಳು. ಆದರೂ ದನಿ ತಗ್ಗಿಸಲಿಲ್ಲ.

“ಬೆಳಿಗ್ಗೆ ಆರಕ್ಕೆ ಪೂರ್ತಿ ಇಳಿದಿರ್ತೈತೆ. ನೀನು ಎದ್ದು ನೋಡೋ ಹೊತ್ತಿಗೆ ಬಯಲು ಹೆಂಗಿತ್ತೋ ಹಂಗೇ ಇರ್ತೈತೆ, ಏನೂ ಆಗಿಲ್ಲ ಅನ್ನಂಗೆ. ಅದನ್ನ ನೋಡಿ ಮಗಳು ಸುಳ್ಳು ಹೇಳಿದ್ಲು ಅನ್‌ಬ್ಯಾಡ. ಇವತ್ತು ಹನ್ನೆರಡಕ್ಕೆ ಎದ್ದೇಳು. ದಂಡೆ ಮ್ಯಾಲಿಂದ ಬ್ಯಾಟ್ರಿ ಬಿಟ್ಟು ನೋಡು, ನೀನು ಕೋಲು ನೆಟ್ಟಿದ್ದ ಜಾಗ... ಹಲೋ? ಅಪ್ಪ?... ಹಲೋ?...”