ಸ್ವಿಚ್ಚು ಯಾರ ಕೈಲಿ?

ಮನೆ ಖಾಲಿ ಮಾಡಿಸಲೆಂದು ಮಾಲೀಕ ಮೇಲಿನ ಮಹಡಿಯ ಕರೆಂಟು ಕಡಿಸಿದ. ಅಲ್ಲಿ ಉಸಿರಾಟದ ಯಂತ್ರವನ್ನೇ ನಂಬಿಕೊಂಡ ಮುದುಕರೊಬ್ಬರಿದ್ದಾರೆಂದು ಬೀದಿಗೆಲ್ಲ ಗೊತ್ತು.

ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದವಳು ಆ ಮುದುಕರ ಸೊಸೆ. ಮಾಲೀಕನ ತಮ್ಮ ಬಂದು ಅವಳ ಪಕ್ಕ ನಿಂತ.

"ಅಕ್ಕಾ, ಕರೆಂಟು ಹೋದ್ಮೇಲೆ ನೀವು ತಂದಿಟ್ಟಿರೋ ಆ ಸೋಲಾರ್ ಜನರೇಟರ್ ತೆಗೀಬೇಕಂತೆ."

"ಯಾಕಪ್ಪಾ, ಸದ್ದು ಮಾಡುತ್ತಾ? ಹೊಗೆ ಬಿಡುತ್ತಾ?"

"ಅಣ್ಣನ ಮಾತು. ಕಟ್ಟಡ ನಮ್ದಲ್ವಾ?"

"ಪ್ಯಾನೆಲ್ ಕಟ್ಟಿರೋದು ನಮ್ಮ ಕಿಟಕಿಗೆ. ಬಿಸಿಲಿಗೂ ಬಾಡಿಗೆ ಕೇಳ್ತಾರಾ ನಿಮ್ಮಣ್ಣ?"

"ತಮಾಷೆ ಬೇಡ. ಕೆಳಗಿನ ಡೀಸೆಲ್ ಜನರೇಟರಿಂದ ಒಂದು ಲೈನ್ ಎಳೆಸಿ ಕೊಡ್ತಾನಂತೆ."

"ಅದರ ಹೊಗೆಗೇ ಮಾವನಿಗೆ ಎದೆ ಕಟ್ಟುತ್ತೆ. ಹೋಗಲಿ, ಅದರ ಸ್ವಿಚ್ಚು ಯಾರ ಕೈಲಿರುತ್ತೆ?"

ಅವನು ಮೊಬೈಲು ತೆಗೆದು ನೋಡಿಕೊಂಡ.

"ಹಗಲು ಬಿಸಿಲಿಗೆ ಬ್ಯಾಟರಿ ತುಂಬುತ್ತೆ. ರಾತ್ರಿಯೆಲ್ಲ ಮಾವ ಉಸಿರಾಡ್ತಾರೆ. ಯಾರ ಹತ್ರಾನೂ ಕೈಚಾಚಬೇಕಾಗಿಲ್ಲ. ನಿಮ್ಮಣ್ಣನಿಗೆ ಹೊಟ್ಟೆ ಉರಿಯೋದು ಅದಕ್ಕೇ."

"ಸಂಜೆಯೊಳಗೆ ತೆಗೆದುಬಿಡಿ ಅಕ್ಕಾ. ಇಲ್ಲಾಂದ್ರೆ ನನ್ನನ್ನೇ ಕಳಿಸ್ತಾನೆ."

ಅವಳು ಔಷಧಿ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

"ಬಾ. ಮಾವ ಎಚ್ಚರವಾಗೇ ಇರ್ತಾರೆ, ಅವರ ಮುಖ ನೋಡ್ತಾ ನೀನೇ ಬಿಚ್ಚು. ನಾನಂತೂ ತೆಗೆಯಲ್ಲ" ಎಂದು ಹೇಳಿ ಬೀದಿಗಿಳಿದಳು.