ಕರೆದವರೇ ಕಳಿಸಬೇಕು

ಏಪ್ರಿಲ್ ಮಳೆ ನೈರೋಬಿಯಲ್ಲಿ ಹೇಳಿ ಬರುವುದಿಲ್ಲ. ಶನಿವಾರ ಸಂಜೆ ರಿವರ್‌ಸೈಡ್‌ನ ಫ್ಲ್ಯಾಟಿನಿಂದ ಹೊರಟಾಗ ಎಳೆಬಿಸಿಲಿತ್ತು. ಲೊರೆಶೋದಲ್ಲಿ ಶ್ರೀನಿವಾಸಮೂರ್ತಿಯವರ ಮನೆಯ ಗೇಟು ಮುಟ್ಟುವಷ್ಟರಲ್ಲಿ ಕಾರಿನ ಮುಂದೆ ದಾರಿಯೇ ಕಾಣದಂತಾಗಿತ್ತು. ಅನುರಾಧಾ, ಅವಳ ಗಂಡ ಅಮೋಘ್, ಮಗಳು ಪ್ರಣತಿ ಮೂವರೂ ಓಡಿ ವರಾಂಡ ಹತ್ತಿ ಚಪ್ಪಲಿ ಬಿಡುವ ಹೊತ್ತಿಗೆ ಕರೆಂಟು ಹೋಯಿತು.

ಅಮೋಘ್‌ಗೆ ಟೆಲಿಕಾಂ ಕಂಪನಿಯ ಕೆಲಸ. ಬೆಂಗಳೂರಿನಿಂದ ಬಂದು ಇನ್ನೂ ಹೊಸದು. ಮೂರ್ತಿಯವರು ಮಬಾಟಿ, ಅಂದರೆ ಚಾವಣಿಗೆ ಹೊದಿಸುವ ತಗಡು, ತಯಾರಿಸುವ ಕಾರ್ಖಾನೆಯಲ್ಲಿ ಮ್ಯಾನೇಜರು. ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಹೊಸದಾಗಿ ಬಂದ ಕನ್ನಡದವರನ್ನೆಲ್ಲ ಒಮ್ಮೆ ಊಟಕ್ಕೆ ಕರೆಯುವುದು ಅವರ ಹೆಂಡತಿ ರುಕ್ಮಿಣಿಯವರ ಪದ್ಧತಿ. ಎಲ್ಲಿ ಒಳ್ಳೆ ಬೇಳೆ ಸಿಗುತ್ತದೆ, ಯಾವ ಸಿಗ್ನಲ್ಲಿನಲ್ಲಿ ಕಾರಿನ ಗಾಜು ಇಳಿಸಬಾರದು, ಎಲ್ಲವನ್ನೂ ಅವರೇ ಹೇಳಿಕೊಡುತ್ತಿದ್ದರು.

ಮೇಣದಬತ್ತಿಯ ಬೆಳಕಿನಲ್ಲಿ ಅನುರಾಧಾಳ ಕಣ್ಣಿಗೆ ಎರಡು ಸಂಗತಿ ಬಿದ್ದವು. ಹಾಲಿನ ಹಿಂಬದಿಯಲ್ಲಿ, ಗೋಡೆಯ ಉದ್ದಕ್ಕೂ, ಖಾಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬಂದ ಅತಿಥಿಗಳೋ ಇವರೇ ಮೂರು ಜನ. ಇನ್ನೊಂದು, ದೇವರ ಮನೆಯ ಬಾಗಿಲಲ್ಲಿ ತೂಗುಹಾಕಿದ ಗಂಟೆಯ ನಾಲಗೆಗೆ ಕೆಂಪು ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿತ್ತು. ಪ್ರಣತಿ ಅದನ್ನು ಎಟುಕಿಸಲು ಕುಣಿಯುತ್ತಿದ್ದಳು. ಮನೆಯ ಮಗಳು ಗಗನಾ, ಹೈಸ್ಕೂಲು ಹುಡುಗಿ, ಪಕ್ಕನೆ ಅವಳ ಕೈ ಹಿಡಿದುಕೊಂಡಳು.

"ಡೋಂಟ್. ಅಮ್ಮ ವಿಲ್ ಕಿಲ್ ಯೂ."

"ಕೊಲ್ಲೋದೂ ಇಲ್ಲ ಏನೂ ಇಲ್ಲ," ರುಕ್ಮಿಣಿ ಕಡಲೆಕಾಯಿಯ ತಟ್ಟೆ ತಂದಿಟ್ಟರು. "ಬನ್ನಿ, ಮುಂದೆ ಕೂತ್ಕೊಳಿ. ಹಿಂದಿನ ಸಾಲು ಇರ್ಲಿ."

ಅನುರಾಧಾ ಅಷ್ಟರಲ್ಲಿ ಸಾಲಿನ ತುದಿಯಲ್ಲೇ ಕೂತುಬಿಟ್ಟಿದ್ದಳು. ಏಳಲು ಹೋದವಳನ್ನು ರುಕ್ಮಿಣಿ ಒಂದು ಗಳಿಗೆ ನೋಡಿ, "ಪರವಾಗಿಲ್ಲ, ಕೂತಾಯ್ತಲ್ಲ" ಎಂದರು.

"ಇನ್ನೂ ಯಾರಾದ್ರೂ ಬರೋರಿದಾರಾ ಆಂಟಿ?" ಅಮೋಘ್ ಕೇಳಿದ.

"ಬರಬಹುದು. ಮಳೆ ಇದೆಯಲ್ಲ."

"ಶುರುವಾಯ್ತು," ಎಂದರು ಮೂರ್ತಿ, ಕಡಲೆಕಾಯಿ ಒಡೆಯುತ್ತಾ.

"ನೀವು ಸುಮ್ನಿರಿ. ಮಾಡಿದ್ದು ನೀವು, ಹೇಳೋಳು ನಾನು." ರುಕ್ಮಿಣಿ ಕಾಲು ಮಡಚಿ ದಿವಾನದ ಮೇಲೆ ಕೂತರು. ಚಾವಣಿಯ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಅವರ ದನಿ ಅದಕ್ಕಿಂತ ಮೇಲೇರಲಿಲ್ಲ. ಉಪ್ಪಿನಕಾಯಿ ಹಾಕುವುದು ಹೇಗೆಂದು ಹೇಳುವ ದನಿಯಲ್ಲೇ ಶುರುಮಾಡಿದರು.

"ನೋಡಮ್ಮ ಅನುರಾಧಾ, ನಾನು ದೆವ್ವ ಭೂತ ಅಂತ ಹೆದರಿಸೋಳಲ್ಲ. ಆದದ್ದನ್ನ ಆದ ಹಾಗೆ ಹೇಳ್ತೀನಿ, ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆಗ ನಮ್ಮ ಗಗನಂಗೆ ಏಳು ವರ್ಷ. ಇವರ ಫ್ಯಾಕ್ಟರೀಲಿ ಪೀಟರ್ ಅಂತ ಇದಾರೆ, ಡಿಸ್ಪ್ಯಾಚ್ ನೋಡ್ಕೊಳೋರು, ಬಲು ಒಳ್ಳೆ ಮನುಷ್ಯ. ಅವರೂರು ಲಿಮೂರು ದಾಟಿ ಮೇಲೆ, ಚಹಾ ತೋಟದ ಮಧ್ಯೆ. ಅಲ್ಲಿ ಒಂದು ಹಳೇ ಪ್ರೆಸ್ಬಿಟೇರಿಯನ್ ಚರ್ಚು, ಕಲ್ಲಿನದು, ಪೀಟರ್ ಅದಕ್ಕೆ ಎಲ್ಡರು... ಎಲ್ಡರು ಅಂದ್ರೆ ಪಾದ್ರಿ ಅಲ್ಲ, ನಮ್ಮಲ್ಲಿ ಧರ್ಮದರ್ಶಿಗಳು ಇರಲ್ವಾ, ಹಂಗೆ ಅಂದ್ಕೊಳಿ. ಚಾವಣಿ ಸೋರ್ತಾ ಇತ್ತು. ಕಂಪನಿ ಕಡೆಯಿಂದ ಮಬಾಟಿ ಕೊಡೋಣ ಅಂತ ಇವರು ಒಪ್ಕೊಂಡ್ರು, ಅಳತೆ ನೋಡ್ಬೇಕಲ್ಲ, ಒಂದು ಶನಿವಾರ ಹೊರಟ್ರು. ನಾನೂ ಒಂದು ಡಬ್ಬಿ ಚಿತ್ರಾನ್ನ ಕಲಸ್ಕೊಂಡು, ಮಗೂನ ಕರ್ಕೊಂಡು ಜೊತೆಗೆ ಹೋದೆ, ನಮಗೂ ಒಂದು ಔಟಿಂಗ್ ಆಗತ್ತೆ ಅಂತ.

"ಚರ್ಚಿನ ಹಿಂದೇನೇ ಪೀಟರ್ ಅವರ ತಾಯಿ ಮನೆ. ಅಜ್ಜೀನ ಅಲ್ಲಿ ಶೋಶೋ ಅಂತಾರೆ. ಆಕೆ ಚಾ ಕೊಟ್ಟು, ಒಲೆ ಮುಂದೆ ಕೂರಿಸ್ಕೊಂಡು, ಆ ಚರ್ಚಿನ ಕತೆ ಹೇಳಿದ್ಲು, ಪೀಟರ್ ಇಂಗ್ಲಿಷಲ್ಲಿ ನಂಗೆ ಬಿಡಿಸಿ ಹೇಳ್ತಾ ಹೋದ್ರು. ಸ್ಕಾಟ್‌ಲೆಂಡಿನಿಂದ ಒಬ್ಬ ಪಾದ್ರಿ ಎತ್ತಿನ ಗಾಡೀಲಿ ಬಂದನಂತೆ. ಮೊದಲು ಅವನ ಹತ್ತಿರ ಯಾರು ಹೋದ್ರು ಅಂತೀರಿ? ಮನೆಯವರಿಗೆ ಬೇಡವಾದವರು... ಗಂಡನ ಬಿಟ್ಟು ಓಡಿಬಂದವಳು, ತಂದೆತಾಯಿ ಇಲ್ಲದ ಮಕ್ಕಳು, ಕುಲದಿಂದ ಹೊರಗೆ ಹಾಕಿದವರು. ಹೊಳೆಯಿಂದ ಕಲ್ಲು ಹೊತ್ತು ಅವರೇ ಚರ್ಚು ಕಟ್ಕೊಂಡ್ರು. ಒಂದೊಂದು ಸಂಸಾರಕ್ಕೆ ಒಂದೊಂದು ಬೆಂಚು, ಅವರೇ ಮರ ಕೊಯ್ದು ಮಾಡ್ಕೊಂಡದ್ದು. ಗಂಟೆ ತರ್ಸೋಕೆ ಎಲ್ಲಿ ಆಗತ್ತೆ? ರೈಲು ಹಾಕ್ದಾಗ ಉಳಿದಿದ್ದ ಕಂಬಿಯ ಒಂದು ತುಂಡನ್ನ ಮರಕ್ಕೆ ನೇತುಹಾಕಿ, ಕಬ್ಬಿಣದ ಬೋಲ್ಟಿಂದ ಹೊಡೀತಿದ್ರು. ಆ ಕಂಬಿ ಹಾಕಿದ ಕೂಲಿಗಳೂ ನಮ್ಮ ದೇಶದೋರೇ ಅಂತ ಶೋಶೋ ನನ್ನ ಕೈ ತಟ್ಟಿ ನಕ್ಕಳು.

"ಆ ಸಭೆಯವರಿಗೆ ಒಂದು ಕಟ್ಟುನಿಟ್ಟು ಇತ್ತು. ಕಂಬಿ ಸದ್ದು ಯಾರ ಕಿವಿಗೆ ಬಿತ್ತೋ ಅವರು ಕೈಯಲ್ಲಿರೋದನ್ನ ಬಿಟ್ಟು ಬರಬೇಕು, ಬಂದು ಅವರವರ ಬೆಂಚಲ್ಲೇ ಕೂರಬೇಕು. ಕೂತಮೇಲೆ, ಕಂಬಿ ಹೊಡೆದವನು ಎದ್ದು ನಿಂತು ಆಶೀರ್ವಾದ ಹೇಳಿ ಕಳಿಸೋ ತನಕ ಒಬ್ಬರೂ ಏಳೋ ಹಾಗಿಲ್ಲ. ಮಗು ಅತ್ರೂ ಸರಿ, ಹೊಲಕ್ಕೆ ಮೇಕೆ ನುಗ್ಗಿದ್ರೂ ಸರಿ. ಕರೆದವನೇ ಕಳಿಸಬೇಕು. ಬೇರೆಯವರು ಕಳಿಸಿದ್ರೆ ಅದು ಕಳಿಸಿದ ಲೆಕ್ಕ ಅಲ್ಲ.

"ಆಮೇಲೆ ಎಮರ್ಜೆನ್ಸಿ ಬಂತು. ನಮ್ಮ ಎಮರ್ಜೆನ್ಸಿ ಅಲ್ಲ, ಇಲ್ಲಿದು, ಬ್ರಿಟಿಷರ ಕಾಲದ್ದು. ಬ್ರಿಟಿಷರ ಮೇಲೆ ತಿರುಗಿಬಿದ್ದು ಕಾಡು ಸೇರಿದೋರು ಬಂದು ನಮ್ಮ ಜೊತೆ ಆಣೆ ಮಾಡು ಅಂತಾರೆ, ಸರ್ಕಾರದೋರು ಬಂದು ಆಣೆ ಮಾಡಿದೋರು ಯಾರು ತೋರಿಸು ಅಂತಾರೆ. ಈ ಚರ್ಚಿನೋರು ಇಬ್ಬರಿಗೂ ಬೇಡ. ಒಂದು ಭಾನುವಾರ, ಇಂಥದೇ ಮಳೆ... ಪೀಟರ್ ಅವರ ತಾತ, ಎಲ್ಡರ್ ಎಜ್ರಾ ಅಂತ, ಕಂಬಿ ಹೊಡೆದ್ರು. ಜನ ಕಂಬಳಿ ಹೊದ್ಕೊಂಡು ನೆಂದು ಬಂದು ಕೂತ್ರು. ಹಾಡು ಅರ್ಧ ಆಗಿದೆ, ಸರ್ಕಾರದ ಲಾರಿಗಳು ಬಂದ್ವು. ಮೊದಲು ಎಜ್ರಾನ ಹೊರಗೆ ಕರೆದ್ರು. ಆತ ಬಾಗಿಲಲ್ಲಿ ತಿರುಗಿ ನಿಂತು ಹೇಳಿದ್ದು ಒಂದೇ ಮಾತು, 'ಕೂತಿರಿ, ಬಂದು ಕಳಿಸ್ತೀನಿ.' ಬರಲಿಲ್ಲ. ಕೂತವರನ್ನ ಬೆಂಚಿಂದ ಎಬ್ಬಿಸಿ ಲಾರಿಗೆ ತುಂಬಿದ್ರು. ಅವರಲ್ಲಿ ಬಹಳ ಜನ ತಿರುಗಿ ಊರು ನೋಡಲಿಲ್ಲ. ಶೋಶೋ ಆಗ ಚಿಕ್ಕ ಹುಡುಗಿ, ಜ್ವರ ಅಂತ ಮನೇಲಿ ಮಲಗಿದ್ದಳು, ಉಳಿದುಕೊಂಡಳು. ಮುಂದೆ ಚರ್ಚು ಮತ್ತೆ ತೆರೆದಾಗ ಊರೋರೆಲ್ಲ ಸೇರಿ ತೀರ್ಮಾನ ಮಾಡಿದ್ರಂತೆ, ಈ ಕಂಬೀನ ಇನ್ನು ಯಾರೂ ಹೊಡೆಯೋದು ಬೇಡ ಅಂತ. ಯಾಕೆ ಅಂತ ಕೇಳ್ದೆ. ಆಕೆ, 'ಕೇಳಿಸಿದ್ರೆ ಬರ್ತಾರಲ್ಲ' ಅಂದ್ಲು... ಅಷ್ಟೆ.

"ಅವಳು ಅಷ್ಟು ಹೇಳಿ ಬಾಯಿ ಮುಚ್ಚಿಲ್ಲ, ಹೊರಗೆ... ಠಣ್."

ರುಕ್ಮಿಣಿ ಮಾತು ನಿಲ್ಲಿಸಿ ಗಂಡನ ಕಡೆ ನೋಡಿದರು.

"ನಂಗೇನು ಗೊತ್ತು?" ಎಂದರು ಮೂರ್ತಿ. "ಅಳತೆ ತಗೊಂಡು ಬರೋಣ ಅಂತ ಹೋದೆ. ನಮ್ಮ ಸ್ಕೂಲಲ್ಲೂ ಅಂಥದೇ ಕಂಬಿ ಇತ್ತು. ದೇವರ ಜಾಗ, ಒಳಗೆ ಹೋಗೋ ಮುಂಚೆ ಒಂದು ಸಲ ಬಾರಿಸಿದೆ. ಗಂಟೆ ಕಂಡ್ರೆ ಬಾರಿಸ್ದೆ ಒಳಗೆ ಹೋಗ್ತಾರಾ ಯಾರಾದ್ರೂ?"

"ಕೇಳಿದ್ರಾ? ಬೂಟು ಬೇರೆ ಹೊರಗೆ ಬಿಟ್ಟು, ಕಾಲುಚೀಲದಲ್ಲಿ ಒಳಗೆ ಹೋಗಿದಾರೆ, ನಮ್ಮ ಊರಿನ ಆಂಜನೇಯನ ಗುಡಿಗೆ ಹೋದ ಹಾಗೆ. ಶೋಶೋ ಕಿರುಚಲಿಲ್ಲ, ಏನಿಲ್ಲ. ಲೋಟ ಕೆಳಗಿಟ್ಟು, 'ಯಾರು ಹೊಡೆದದ್ದು?' ಅಂದ್ಲು. ನಮ್ಮನೆಯೋರು ಅಂದೆ. 'ಮಗು ಎಲ್ಲಿ?' ಅಂದ್ಲು. ಮಗು ಅಪ್ಪನ ಜೊತೆ ಹೋಗಿತ್ತು.

"ಓಡಿದ್ವಿ. ಇವರು ಬಾಗಿಲ ಹತ್ತಿರ ಟೇಪು ಹಿಡ್ಕೊಂಡು ನಿಂತಿದಾರೆ, ಮುಖದಲ್ಲಿ ರಕ್ತ ಇಲ್ಲ. ಒಳಗೆ ಯಾರೂ ಇಲ್ಲಮ್ಮ. ಆದ್ರೆ ನೆಲದ ತುಂಬ ಒದ್ದೆ ಹೆಜ್ಜೆ... ಬರಿಗಾಲಿನವು, ದೊಡ್ಡವು ಚಿಕ್ಕವು, ಎಲ್ಲವೂ ಒಳಗೆ ಹೋಗಿರೋವೇ, ಹೊರಗೆ ಬಂದದ್ದು ಒಂದೂ ಇಲ್ಲ. ಬೆಂಚುಗಳ ಮೇಲೆ ನೆಂದವರು ಕೂತ ಹಾಗೆ ತೇವ. ಒದ್ದೆ ಕಂಬಳಿ ವಾಸನೆ, ಒಲೆ ಹೊಗೆ ವಾಸನೆ. ಮಧ್ಯದ ಒಂದು ಬೆಂಚಲ್ಲಿ ನಮ್ಮ ಗಗನ. ಖಾಲಿ ಬೆಂಚು, ಉದ್ದಕ್ಕೂ ಜಾಗ ಇದೆ, ಇದು ಭುಜ ಮುದುಡಿಕೊಂಡು, ಮಂಡಿ ಒತ್ತಿಕೊಂಡು, ತುದೀಲಿ ಇಷ್ಟೇ ಇಷ್ಟು ಜಾಗದಲ್ಲಿ ಕೂತಿದೆ. 'ಯಾಕೆ ಪುಟ್ಟ, ಸರಿಯಾಗಿ ಕೂತ್ಕೊ' ಅಂದ್ರೆ, 'ಜಾಗ ಇಲ್ಲಮ್ಮ' ಅನ್ನತ್ತೆ."

"ಐ ಡೋಂಟ್ ರಿಮೆಂಬರ್ ಮಚ್," ಗಗನಾ ಕಡಲೆಕಾಯಿ ಸಿಪ್ಪೆ ಊದುತ್ತಾ ಹೇಳಿದಳು. "ಇಟ್ ವಾಸ್ ವಾರ್ಮ್. ಲೈಕ್ ಇನ್ ಎ ಪ್ಯಾಕ್ಡ್ ಮಟಾಟು ಬಸ್."

ಅಮೋಘ್ ಪ್ರಣತಿಯನ್ನು ತೊಡೆಯ ಮೇಲೆ ಎಳೆದುಕೊಂಡ.

"ಎತ್ಕೊಳೋಕೆ ಹೋದೆ," ರುಕ್ಮಿಣಿ ಮುಂದುವರಿಸಿದರು. "ಬರಲಿಲ್ಲ. ಅದರ ಫ್ರಾಕಿನ ಅಂಚು ಬೆಂಚಿಗೆ ಅಂಟಿಕೊಂಡಿದೆ, ಪಕ್ಕದಲ್ಲಿ ಯಾರೋ ಅದರ ಮೇಲೆ ಕೂತುಬಿಟ್ಟಿದ್ರೆ ಹೇಗೆ ಎಳೆಯುತ್ತೆ, ಹಾಗೆ. ಇವರೂ ಹಿಡಿದ್ರು, ಆಗಲಿಲ್ಲ. ಫ್ರಾಕು ಹರಿದು ಎತ್ಕೊಳೋಣ ಅಂದ್ರೆ ಮಗು ಕೈಯೂ ಬಿಡಿಸ್ಕೊಳೋಕೆ ಬರ್ತಿಲ್ಲ, ಯಾರೋ ಅಕ್ಕರೆಯಿಂದ ಹಿಡಿದ ಹಾಗೆ. 'ಇನ್ನೂ ಮುಗಿದಿಲ್ಲವಂತೆ ಅಮ್ಮ' ಅಂತು. ಅಳ್ತಾನೂ ಇರಲಿಲ್ಲ. ಮೆತ್ತಗಾಗ್ತಾ ಇತ್ತು, ನಿದ್ದೆ ಬಂದೋರ ಹಾಗೆ, ಪಕ್ಕಕ್ಕೆ ವಾಲ್ತಾ ಇತ್ತು... ಏನೂ ಇಲ್ಲದ ಕಡೆ ಒರಗಿಕೊಂಡು ಬೀಳ್ದೆ ನಿಂತಿತ್ತು ತಲೆ.

"ಪೀಟರ್ ಮುಂದೆ ಹೋಗಿ ಆಶೀರ್ವಾದ ಹೇಳಿದ್ರು, ಕೈ ಎತ್ತಿ, ಅವರ ಭಾಷೇಲಿ, ಪೂರ್ತಿ. ಒಂದು ಬೆಂಚೂ ಅಲುಗಲಿಲ್ಲ. ಶೋಶೋ ಬಾಗಿಲಲ್ಲೇ ನಿಂತು ಅಂದ್ಲು, 'ನೀನು ಕರೆದಿಲ್ಲ. ಅವನು ಕರೆದದ್ದು, ಅವನೇ ಕಳಿಸಲಿ.' ಇವರು, ನಂಗೆ ನಿಮ್ಮ ಪ್ರಾರ್ಥನೆ ಬರಲ್ಲ ಅಂತಾರೆ. ಬೈದೆ ನಾನು. 'ಯಾವುದೋ ಒಂದು ಭಾಷೇಲಿ ಹೇಳ್ರೀ, ಮಗು ಹೋಗ್ತಾ ಇದೆ' ಅಂದೆ. ಆಗ ಇವರು ಆ ಒದ್ದೆ ಕಾಲುಚೀಲದಲ್ಲಿ ಮುಂದೆ ಹೋಗಿ ನಿಂತು, ಖಾಲಿ ಬೆಂಚುಗಳಿಗೆ ಕೈಮುಗಿದು, 'ಎಲ್ಲರೂ ಮಳೇಲಿ ಬಂದ್ರಿ, ಸಂತೋಷ. ನಂದು ತಪ್ಪಾಯ್ತು. ಹೋಗಿ ಬನ್ನಿ' ಅಂದ್ರು.

"ಮೊದಲು ಮುಂದಿನ ಬೆಂಚು ಕಿರ್ ಅಂತು. ಆಮೇಲೆ ಅದರ ಹಿಂದಿನದು. ಭಾರ ಇಳಿದಾಗ ಮರ ಸದ್ದು ಮಾಡತ್ತಲ್ಲ, ಹಾಗೇ ಸಾಲಾಗಿ ಬಾಗಿಲವರೆಗೆ. ನನ್ನ ತೋಳಿಗೆ ತಣ್ಣಗೆ ಕಂಬಳಿ ಸವರಿಕೊಂಡು ಹೋಯ್ತು. ಮಗು ಫ್ರಾಕು ಬಿಡಿಸಿಕೊಂಡು ನನ್ನ ಕುತ್ತಿಗೆಗೆ ಜೋತುಬಿತ್ತು. ಆಯ್ತಲ್ಲ, ಮುಗೀತಲ್ಲ ಅಂತ ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿ ಎಲ್ಲರಿಗೂ ಕೊಟ್ಟೆ. ತಿನ್ನೋವಾಗ ಪೀಟರ್ ಕೇಳಿದ್ರು, ಸರ್, ನೀವು ಹೇಳಿದ್ದಕ್ಕೆ ಅರ್ಥ ಏನು? ಇವರು ಇಂಗ್ಲಿಷಲ್ಲಿ ಹೇಳಿದ್ರು, ಹೋಗಿ, ಮತ್ತೆ ಬನ್ನಿ. ಪೀಟರ್ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತ್ಬಿಡ್ತು. ತಾಯಿಗೆ ಹೇಳಿದ್ರು. ಶೋಶೋ ಇವರ ಕಡೆ ತಿರುಗಿದ್ಲು. ಆಮೇಲೆ ಕೇಳಿದ್ಲು, 'ನಿಮ್ಮ ಮನೆ ಎಲ್ಲಿ?'

"ಅಲ್ಲಿಂದೀಚೆಗೆ ಮಳೆ ಹಿಡಿದ್ರೆ ಬರ್ತಾರೆ. ಕರೆದವರ ಮನೆಗೆ ತಾನೇ ಬರೋದು?"

ಮಳೆ ಸ್ವಲ್ಪ ಸಣ್ಣಗಾಗಿತ್ತು. ಅಮೋಘ್ ನಗಲು ನೋಡಿದ. "ಬರೀ 'ಹೋಗಿ' ಅಂದಿದ್ರೆ ಆಗ್ತಿತ್ತಲ್ಲ ಅಂಕಲ್."

ಮೂರ್ತಿ ಅವನನ್ನು ವಿಚಿತ್ರವಾಗಿ ನೋಡಿದರು. "ಮನೆಯಿಂದ ಹೊರಡೋರಿಗೆ ಹಾಗನ್ನೋಕೆ ಬಾಯಿ ಬರುತ್ತೇನಪ್ಪ? ಒಂದೆರಡು ಸಲ ಅನ್ನೋಣ ಅಂತ ನಿಂತೆ. ನಾಲಗೆ ಏಳಲ್ಲ."

"ಅದಕ್ಕೇ ಆ ಗಂಟೆ ಕಟ್ಟಿರೋದು, ಸುಮ್ಸುಮ್ನೆ ಕರೆದ ಹಾಗಾಗಬಾರದಲ್ಲ," ಎಂದು ರುಕ್ಮಿಣಿ ಎದ್ದರು. "ಬನ್ನಿ, ಹುಳಿ ಬಿಸಿ ಇದೆ."

ಮೇಣದಬತ್ತಿಯ ಬೆಳಕಿನಲ್ಲೇ ಊಟವಾಯಿತು. ಹಪ್ಪಳದ ರುಚಿ, ಇಲ್ಲಿನ ಬೆಂಡೆಕಾಯಿಯ ನಾರು, ಮಗುವಿನ ಸ್ಕೂಲ್ ಬಸ್ಸು ಎಂದು ಮಾತು ಬೇರೆ ಕಡೆ ಹರಿಯಿತು. ತಟ್ಟೆ ಹಿಡಿದು ತನ್ನ ಜಾಗಕ್ಕೇ ಬಂದು ಕೂತಿದ್ದ ಅನುರಾಧಾಗೆ ಹೊಟ್ಟೆ ತುಂಬಿದ ಮೇಲೆ ಧೈರ್ಯವೂ ಬಂದಿತ್ತು. ಹೊಸಬರಿಗೆಲ್ಲ ಹೇಳುವ ಕತೆ ಇರಬೇಕು ಅಂದುಕೊಂಡಳು. ಹೊರಡೋಣವೆಂದು ಅಮೋಘ್ ಕಾರಿನ ಕೀ ತೆಗೆದ. ಪ್ರಣತಿ ಓಡಿ ಬಾಗಿಲಿಗೆ ಹೋದಳು.

ಅನುರಾಧಾ ಎದ್ದಳು. ದುಪಟ್ಟ ಬರಲಿಲ್ಲ.

ಅದರ ಒಂದು ತುದಿ ಪಕ್ಕದ ಖಾಲಿ ಕುರ್ಚಿಯ ಮೇಲಿತ್ತು. ಎಲ್ಲಿಯೋ ಸಿಕ್ಕಿಕೊಂಡಿದೆ ಎಂದು ಎಳೆದಳು. ಬಟ್ಟೆ ಬಿಗಿಯಾಗಿ ನಿಂತಿತು. ಬಗ್ಗಿ ನೋಡಿದರೆ ಮೊಳೆಯಿಲ್ಲ, ಬಿರುಕಿಲ್ಲ, ನುಣ್ಣನೆಯ ಪ್ಲಾಸ್ಟಿಕ್ಕು. ಕೈಗೆ ತೇವ ತಾಗಿತು. ಒದ್ದೆ ಉಣ್ಣೆಯ ವಾಸನೆ, ಸೌದೆಯ ಹೊಗೆಯ ವಾಸನೆ ಮೂಗಿಗೆ ಬಂತು. ಈ ಮನೆಯಲ್ಲಿ ಅಡುಗೆ ಗ್ಯಾಸಿನ ಮೇಲೆ.

ಅವಳ ಬಾಯಿಂದ ಸದ್ದು ಹೊರಡುವ ಮೊದಲೇ ರುಕ್ಮಿಣಿ ಬಂದು ಅವಳ ಭುಜದ ಮೇಲೆ ಕೈಯಿಟ್ಟಿದ್ದರು. "ಎಳೀಬೇಡಮ್ಮ, ಹರಿಯತ್ತೆ." ಆಮೇಲೆ ಹಿಂದಿರುಗಿ, ಸ್ಟವ್ ಆರಿಸಿ ಎನ್ನುವ ಹಾಗೆ, "ಏನೂಂದ್ರೆ, ಸ್ವಲ್ಪ ಕಳಿಸಿಕೊಡಿ ಇವರನ್ನ" ಎಂದರು.

ಮೂರ್ತಿ ಕೈ ತೊಳೆದುಕೊಂಡು ಬಂದರು. ಪಂಚೆಗೆ ಕೈ ಒರೆಸಿ ಕುರ್ಚಿಗಳ ಸಾಲಿಗೆ ಎದುರಾಗಿ ನಿಂತರು. ಒಂದು ಗಳಿಗೆ ತುಟಿ ಬಿಗಿದು, ಏನೋ ಬೇರೆ ಹೇಳಬೇಕೆಂದು ಹೊರಟವರಂತೆ ಕಂಡರು. ಕೊನೆಗೆ ಕೈಮುಗಿದು, ಎಂದಿನಂತೆ, "ಮಳೇಲಿ ಬಂದ್ರಿ, ಸಂತೋಷ. ಹೋಗಿ ಬನ್ನಿ" ಎಂದರು.

ಈಚೆ ತುದಿಯಿಂದ ಆಚೆ ತುದಿಗೆ ಕುರ್ಚಿಗಳು ಒಂದೊಂದಾಗಿ ಕಿರುಗುಟ್ಟಿದವು. ದುಪಟ್ಟ ಸಡಿಲಾಗಿ ಅನುರಾಧಾಳ ಕಾಲಿನ ಮೇಲೆ ಬಿತ್ತು.

ರುಕ್ಮಿಣಿ ಕುಂಕುಮದ ಬಟ್ಟಲು ತಂದು ಅವಳ ಹಣೆಗೆ ಇಟ್ಟರು, ಕೈಗೆ ಬಾಳೆಹಣ್ಣು ಕೊಟ್ಟರು. ಮನೆಯಿಂದ ಹೊರಡುವಾಗ ಹೇಳುವ ಮಾತು, ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಮಾತು, 'ಬರ್ತೀವಿ' ಎಂಬುದು ಅನುರಾಧಾಳ ಗಂಟಲಿಗೆ ಬಂದು ಅಲ್ಲೇ ಕೂತುಬಿಟ್ಟಿತು. ಅವಳು ಬಗ್ಗಿ ಚಪ್ಪಲಿ ಹುಡುಕಿದಳು.

"ಪರವಾಗಿಲ್ಲ, ಹೇಳದೇ ಹೊರಡಮ್ಮ," ಎಂದರು ರುಕ್ಮಿಣಿ, ಹೊರಗಿನ ಮಳೆಯನ್ನು ನೋಡುತ್ತಾ. "ಅವರೂ ಹೇಳಲ್ಲ. ಆದರೂ ಬರ್ತಾರೆ."